ಮುಖ ನೋಡಬೇಡ, ಪುಸ್ತಕ ನೋಡು

ನೆಕ್ರಾಜೆ
20 ನವೆಂಬರ್ 2024, ಬುಧವಾರ

ಪ್ರೀತಿಯ ಚಿತ್ರಾ,

ಅಮ್ಮನ ನೆನಪುಗಳು. ಅಡೂರಿನಲ್ಲಿ ಕೋಣೆ, ನೀರು, ಊಟ ಎಲ್ಲ ಸರಿಯಾಗಿದೆ ಎಂದು ಅಪ್ಪನ ಹತ್ತಿರ ಹೇಳಿದ್ದೀಯಂತೆ. ಹೊಸ ಶಾಲೆಯಲ್ಲಿ ನಿನಗೆ ಎರಡನೇ ತರಗತಿ ಕೊಟ್ಟಿದ್ದಾರೆ ಎಂಬುದೂ ಅವರಿಂದಲೇ ಗೊತ್ತಾಯಿತು. ನಿನ್ನ ಫೋನು ನನಗೆ ಬರುವುದು ಕಡಿಮೆ. ಬಂದರೂ ಊಟ ಆಯಿತಾ, ಮಳೆ ಉಂಟಾ ಎಂಬಲ್ಲಿಗೆ ಮುಗಿಯುತ್ತದೆ. ಮೂರು ದಿನದಿಂದ ನಾನೇ ಫೋನು ಕೈಗೆತ್ತಿಕೊಂಡು ಕೆಳಗಿಡುತ್ತಿದ್ದೇನೆ. ಹೇಳಬೇಕಾದ್ದು ಅರ್ಧಕ್ಕೆ ಬರುವಾಗ ನನ್ನ ಸ್ವರ ಕಟ್ಟಿದರೆ ನೀನು ಸಮಾಧಾನ ಹೇಳತೊಡಗುತ್ತೀ, ಉಳಿದರ್ಧ ನಾನು ಹೇಳುವುದೇ ಇಲ್ಲ. ನನ್ನ ಬುದ್ಧಿ ನನಗೆ ಗೊತ್ತು. ಆದ್ದರಿಂದ ಕಾಗದ.

ದೀಕ್ಷಿತಾಳ ನೆನಪು ನಿನಗೆ ಇದ್ದೇ ಇರುತ್ತದೆ. ಕಳೆದ ವರ್ಷ ನೀನು ಬೋಧನಾಭ್ಯಾಸಕ್ಕೆಂದು ನಮ್ಮ ಕೇಪುಳಪದವು ಶಾಲೆಗೆ ಬಂದಾಗ ನನ್ನ ಮೂರನೇ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ, ಕಿಟಕಿಯ ಪಕ್ಕ ಕೂರುತ್ತಿದ್ದ ಮಗು. ಈ ವರ್ಷ ನಾಲ್ಕನೆಯಲ್ಲಿಯೂ ಅವಳು ನನ್ನ ತರಗತಿಯೇ. ಅನಂತಪುರದ ಒಂದು ಕಾರ್ಖಾನೆಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗುವ ಅಮ್ಮುವಿನ ಮಗಳು. ಅವಳಿಗೆ ಕಿವಿ ಕೇಳಿಸುವುದಿಲ್ಲ, ಚಿತ್ರಾ. ನೀನು ಹೇಳಿದ್ದೇ ಸರಿ. ನಾಲ್ಕು ವರ್ಷ ಪ್ರಾಯದಲ್ಲಿ ಬಂದ ಒಂದು ಜ್ವರದ ನಂತರ ಎರಡು ಕಿವಿಯೂ ಹೋಗಿವೆ ಎಂದು ಡಾಕ್ಟರು ಹೇಳಿದರು. ಪೂರ್ತಿ ಹೋದದ್ದಲ್ಲ, ಕಿವಿಯ ಹತ್ತಿರ ಬಂದು ದೊಡ್ಡದಾಗಿ ಹೇಳಿದರೆ ಸ್ವಲ್ಪ ಬೀಳುತ್ತದೆ. ಒಂದು ತರಗತಿಯ ಗದ್ದಲದಲ್ಲಿ ಏನೂ ಬೀಳುವುದಿಲ್ಲ.

ನೀನು ಬಂದ ಎರಡನೇ ವಾರದಲ್ಲೇ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದೆ. ಮಗುವನ್ನು ಮುಂದಿನ ಬೆಂಚಿಗೆ ಕರೆತಂದು ನೋಡುವ ಎಂದೆ. ನಾನು ಎಲ್ಲರೆದುರು ನಕ್ಕೆ. ಇಪ್ಪತ್ತೇಳು ವರ್ಷದಿಂದ ಮಕ್ಕಳನ್ನು ನೋಡುತ್ತಿರುವ ನನಗೆ ಕಾಣದ್ದು ಹದಿನಾಲ್ಕು ದಿನದಲ್ಲಿ ನಿನಗೆ ಕಂಡಿತಾ ಎಂದು ಕೇಳಿದೆ. ಕೇಳಿಸದ ಮಗು ಹಾಜರಿ ಕರೆದಾಗ ಉತ್ತರ ಕೊಡುವುದು ಹೇಗೆ ಎಂದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಅದಕ್ಕೆ ಮಾತು ತೊದಲು. ಉಳಿದದ್ದೆಲ್ಲ ಹಠ ಎಂದೆ. ನಿನ್ನ ಮುಖ ಕೆಂಪಾದದ್ದು ನನಗೆ ಕಂಡಿತ್ತು. ಆಮೇಲೆ ಮನೆಯಲ್ಲಿಯೂ ಆ ಮಾತು ಎತ್ತಲು ನಾನು ಬಿಡಲಿಲ್ಲ.

ಈ ಜೂನಿನಲ್ಲಿ ಪಂಚಾಯತಿನಿಂದ ಒಂದು ಆದೇಶ ಬಂತು. ಮಲಯಾಳದಲ್ಲಿತ್ತು. ಹೆಡ್ಮಾಸ್ಟರ್ ಕೇಶವಪ್ರಸಾದ ಮಾಷ್ಟ್ರು ಎರಡು ಸಲ ಓದಿ ನಮಗೆ ಕನ್ನಡದಲ್ಲಿ ಹೇಳಿದರು. ಬಡ ಮನೆಗಳಿಂದ ಬರುವ, ಕಲಿಕೆಯಲ್ಲಿ ಹಿಂದೆ ಬಿದ್ದ ಮಕ್ಕಳಿಗಾಗಿ ಈ ವರ್ಷ ಶಾಲೆಗೆ ಒಂದೂಕಾಲು ಲಕ್ಷ ಹೆಚ್ಚಿಗೆ ಸಿಗುತ್ತದೆ, ಹೇಗೆ ಖರ್ಚು ಮಾಡುವುದೆಂದು ಶಾಲೆಯೇ ತೀರ್ಮಾನಿಸಬಹುದು. ನಮ್ಮ ಅರುವತ್ತೆರಡು ಮಕ್ಕಳಲ್ಲಿ ನಲುವತ್ತು ಮಂದಿಯ ಹೆಸರು ಪಟ್ಟಿಗೆ ಬಂತು. ಪಿಟಿಎ ಅಧ್ಯಕ್ಷ ಸುಕುಮಾರ ಕೂಡಲೇ ಒಂದು ಲೆಕ್ಕ ಹಾಕಿದರು. ಒಬ್ಬೊಬ್ಬರಿಗೆ ಒಂದು ಬ್ಯಾಗು, ಒಂದು ಕೊಡೆ, ಒಂದು ಸ್ಟೀಲಿನ ತಟ್ಟೆ. ಒಂದು ಸಭೆ, ಪೇಪರಿನಲ್ಲಿ ಫೋಟೋ. ನಾನು ಒಪ್ಪಿದೆ. ಬ್ಯಾಗಿನ ಬಣ್ಣ ನೀಲಿಯಾಗಲಿ, ಮಣ್ಣು ಕಾಣುವುದಿಲ್ಲ ಎಂದು ಹೇಳಿದವಳೂ ನಾನೇ.

ಒಪ್ಪದಿದ್ದವರು ಯತಿನ್ ಮಾಷ್ಟ್ರು. ಜೂನಿನಲ್ಲೇ ಸೇರಿದವರು, ನಿನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಬ್ಯಾಗು ಹೊತ್ತುಕೊಂಡು ಬಂದ ಮಗುವಿಗೆ ಬೋರ್ಡೇ ಕಾಣದಿದ್ದರೆ ಏನು ಪ್ರಯೋಜನ ಎಂದು ಅವರು ಕೇಳಿದರು. ಮೊದಲು ಎಲ್ಲ ಮಕ್ಕಳ ಕಣ್ಣು ಕಿವಿ ಪರೀಕ್ಷೆ, ಬೆಳಿಗ್ಗೆ ಹೊಟ್ಟೆಗೆ ಏನಾದರೂ, ಸಂಜೆ ಮೂರು ಮೂರು ಮಕ್ಕಳನ್ನು ಕೂರಿಸಿ ಒಂದು ಗಂಟೆ ಪಾಠ ಎಂದು ಅವರು ಒಂದು ಹಾಳೆಯಲ್ಲಿ ಬರೆದುಕೊಂಡೇ ಬಂದಿದ್ದರು. ಹೊಸತರಲ್ಲಿ ಎಲ್ಲರೂ ಹೀಗೆಯೇ ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಆದರೆ ಹೆಡ್ಮಾಸ್ಟರು ಆ ಹಾಳೆಯನ್ನು ಇಟ್ಟುಕೊಂಡರು. ನಾನು ಒಂದು ವಾರ ಅವರಿಬ್ಬರ ಹತ್ತಿರ ಬೇಕಾದಷ್ಟೇ ಮಾತಾಡಿದೆ.

ಜುಲೈಯಲ್ಲಿ ಕಿವಿ ಪರೀಕ್ಷೆ ಮಾಡುವ ಒಬ್ಬಳು ಹೆಣ್ಣುಮಗಳು ಪೆಟ್ಟಿಗೆಯಷ್ಟು ದೊಡ್ಡ ಯಂತ್ರ ಹಿಡಿದುಕೊಂಡು ಬಂದಳು. ಮಗುವಿನ ಕಿವಿಗೆ ಹೆಡ್‌ಫೋನ್ ಹಾಕುವುದು, ಅವಳು ಗುಂಡಿ ಒತ್ತಿದಾಗ ಸ್ವರ ಕೇಳಿಸಿದರೆ ಮಗು ಕೈ ಎತ್ತುವುದು. ದೀಕ್ಷಿತಾ ಒಂದೊಂದು ಸಲವೂ ಸರಿಯಾಗಿ ಕೈ ಎತ್ತಿದಳು. ನಾನು ಯತಿನ್ ಮಾಷ್ಟ್ರ ಮುಖ ನೋಡಿದೆ. ಗೆದ್ದವರ ಹಾಗೆ ನೋಡಿದೆ ಎಂದೇ ಬರೆಯುತ್ತೇನೆ. ಆಗ ಆ ಹೆಣ್ಣುಮಗಳು ಎದ್ದು ಬಂದು ಮಗುವಿನ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿದಳು. ಈ ಮಗು ನನ್ನ ಬೆರಳು ನೋಡಿ ಕೈ ಎತ್ತುತ್ತಾ ಇದ್ದಾಳೆ ಎಂದಳು.

ಮತ್ತೆ ಗುಂಡಿ ಒತ್ತಿದಳು. ಕೈ ಏಳಲಿಲ್ಲ. ಇನ್ನಷ್ಟು ಏರಿಸಿ ಒತ್ತಿದಳು. ಏಳಲಿಲ್ಲ. ಹೆಡ್‌ಫೋನ್ ತೆಗೆದು, ಹಿಂದೆ ನಿಂತು ಹೆಸರು ಕರೆಯಿರಿ ಎಂದು ನನಗೆ ಹೇಳಿದಳು. ಹಾಜರಿ ಕರೆಯುವ ಸ್ವರದಲ್ಲೇ ಕರೆದೆ. ದೀಕ್ಷಿತಾ. ಅವಳು ಗೋಡೆಯ ಮೇಲಿನ ಕೇರಳದ ಭೂಪಟ ನೋಡುತ್ತಾ ಕೂತಿದ್ದಳು. ಇನ್ನೂ ಗಟ್ಟಿಯಾಗಿ ಕರೆದೆ. ಸಾಲಿನಲ್ಲಿ ನಿಂತ ಮಕ್ಕಳು ನಗತೊಡಗಿದರು, ಆಮೇಲೆ ಅವರ ನಗುವೂ ನಿಂತಿತು. ನಾನು ಎಷ್ಟು ಸಲ ಕರೆದೆನೋ ಗೊತ್ತಿಲ್ಲ. ಕೊನೆಗೆ ಅವಳ ಬೆಂಚಿನಲ್ಲಿ ಕೂರುವ ಹುಡುಗಿ ಬಂದು, ಟೀಚರ್, ಹಾಗೆ ಕರೆದರೆ ಅವಳಿಗೆ ಗೊತ್ತಾಗುವುದಿಲ್ಲ, ಹಾಜರಿಗೆ ದಿನಾ ನಾನೇ ತಿವಿಯುವುದು ಎಂದಳು.

ತರಗತಿಯ ಮೂವತ್ತು ಕಣ್ಣುಗಳಿಗೆ ಗೊತ್ತಿದ್ದದ್ದು ನನ್ನೆರಡು ಕಣ್ಣಿಗೆ ಗೊತ್ತಿರಲಿಲ್ಲ.

ಸಂಜೆ ಅಮ್ಮುವಿನ ಮನೆಗೆ ಹೋದೆ. ಅವಳು ಆಗಷ್ಟೇ ಬಸ್ಸಿಳಿದು ಬಂದಿದ್ದಳು. ವಿಷಯ ಹೇಳಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮತ್ತೆ ಮೆಲ್ಲಗೆ, ತಾನು ಎರಡು ಸಲ ಶಾಲೆಗೆ ಬಂದು ಮಗು ಕರೆದರೆ ಓಗೊಡುವುದಿಲ್ಲ ಎಂದು ನನ್ನ ಹತ್ತಿರ ಹೇಳಿದ್ದನ್ನು ನೆನಪಿಸಿದಳು. ನನಗೆ ನೆನಪಿರಲಿಲ್ಲ ಚಿತ್ರಾ, ನಿಜವಾಗಿಯೂ ಇರಲಿಲ್ಲ. “ಟಿವಿ ಜಾಸ್ತಿ ಆಯಿತು, ಅದಕ್ಕೆ ಮಗುವಿಗೆ ಗಮನ ಇಲ್ಲ ಅಂತ ಹೇಳಿದಿರಿ ಟೀಚರೇ,” ಎಂದಳು. “ನಾವು ಟಿವಿಯನ್ನು ತಮ್ಮನ ಮನೆಗೆ ಕೊಟ್ಟುಬಿಟ್ಟೆವು. ಅತ್ತೆ ಒಂದು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ.” ಇದನ್ನು ಹೇಳಿ ಅವಳು ಒಳಗೆ ಹೋಗಿ ನನಗೆ ಚಾಯ ಮಾಡಿ ತಂದಳು. ಹಾಲಿಲ್ಲ ಎಂದು ಸಂಕೋಚಪಟ್ಟಳು.

ಕಾಸರಗೋಡಿನ ಆಸ್ಪತ್ರೆಗೆ ಹೋದದ್ದು ಆಗಸ್ಟಿನಲ್ಲಿ. ಅಮ್ಮುವಿನ ಒಂದು ದಿನದ ಕೂಲಿ ತಪ್ಪುತ್ತದೆ, ಅದನ್ನೂ ಆ ನಿಧಿಯಿಂದ ಕೊಡಬಹುದೇ ಎಂದು ಹೆಡ್ಮಾಸ್ಟರು ಯಾರ ಯಾರ ಹತ್ತಿರವೋ ಕೇಳಿ ಒಪ್ಪಿಗೆ ತಂದರು. ಪರೀಕ್ಷೆಯೆಲ್ಲ ಮುಗಿದ ಮೇಲೆ ಡಾಕ್ಟರು, ಅವರೂ ಒಬ್ಬ ಹೆಂಗಸು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಇಷ್ಟು ವರ್ಷ ಈ ಮಗು ಶಾಲೆಯಲ್ಲಿ ಹೇಗೆ ಕಲಿತಳು ಎಂದು ಕೇಳಿದರು. ಅಮ್ಮು ನನ್ನ ಕಡೆ ನೋಡಿದಳು. ನಾನು ಗೋಡೆ ನೋಡಿದೆ. ಡಾಕ್ಟರೇ ಉತ್ತರವನ್ನೂ ಹೇಳಿದರು. ಮುಖ ನೋಡಿ ಕಲಿತಿದ್ದಾಳೆ, ತುಟಿ ಎದುರಿಗಿದ್ದರೆ ಅರ್ಧಕ್ಕಿಂತ ಹೆಚ್ಚು ಹಿಡಿಯುತ್ತಾಳೆ, ತುಂಬ ಹುಷಾರಿನ ಮಗು.

ಆಗ ನನಗೆ ಉಕ್ತಲೇಖನದ ನೆನಪಾಯಿತು. ನಿನಗೆ ಗೊತ್ತು, ನೋಡಿ ಬರೆಯುವುದರಲ್ಲಿ ಅವಳ ಅಕ್ಷರ ಮುತ್ತಿನ ಹಾಗೆ; ಉಕ್ತಲೇಖನದಲ್ಲಿ ಸೊನ್ನೆ. ನಾನು ಒಂದೊಂದು ಶಬ್ದ ಹೇಳುವಾಗಲೂ ಅವಳು ತಲೆ ಎತ್ತಿ ನನ್ನನ್ನೇ ದಿಟ್ಟಿಸುತ್ತಿದ್ದಳು. ಅದು ನನಗೆ ಉದ್ಧಟತನದ ಹಾಗೆ ಕಾಣುತ್ತಿತ್ತು. ಮುಖ ನೋಡಬೇಡ, ಪುಸ್ತಕ ನೋಡು ಎಂದು ಎಷ್ಟು ದಿನ ಗದರಿದ್ದೇನೆ. ಕೇಳದಿದ್ದಾಗ ಜಗಲಿಯಲ್ಲಿ ನಿಲ್ಲಿಸಿದ್ದೇನೆ. ಆ ದಿಟ್ಟಿಸುವುದನ್ನು ತಪ್ಪಿಸಲಿಕ್ಕೆಂದೇ ಅವಳನ್ನು ಕೊನೆಯ ಬೆಂಚಿಗೆ ಹಾಕಿದ್ದೂ ನಾನು. ಮಗುವಿಗೆ ಇದ್ದದ್ದು ಒಂದೇ ದಾರಿ. ನಾನು ಅದಕ್ಕೆ ಅಡ್ಡ ನಿಂತೆ, ವರ್ಷಕ್ಕಿಂತಲೂ ಹೆಚ್ಚು ಕಾಲ. ಆಸ್ಪತ್ರೆಯಿಂದ ವಾಪಸು ಬರುವಾಗ ಜೀಪಿನಲ್ಲಿ ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ನನಗೆ ಅವಳ ತಲೆ ಮುಟ್ಟಲು ಕೈ ಬರಲಿಲ್ಲ.

ಕಿವಿಯ ಮೆಷಿನಿಗೆ ಆ ನಿಧಿಯಿಂದಲೇ ಹಣ ತೆಗೆಯುವ ಮಾತು ಬಂದಾಗ ಸುಕುಮಾರ ತಡೆದರು. ಒಬ್ಬಳಿಗೇ ಇಷ್ಟು ಹೋದರೆ ಬಾಕಿ ಮಕ್ಕಳ ಮನೆಯವರು ಕೇಳುವುದಿಲ್ಲವೇ ಎಂಬುದು ಅವರ ಚಿಂತೆ. ಹೆಡ್ಮಾಸ್ಟರು ಅವರನ್ನು ಮರುದಿನ ತರಗತಿಗೆ ಕರೆದುಕೊಂಡು ಬಂದು ಒಂದು ಗಂಟೆ ಹಿಂದೆ ಕೂರಿಸಿದರು. ಪಾಠದ ಉದ್ದಕ್ಕೂ ದೀಕ್ಷಿತಾ ಎಲ್ಲರ ತುಟಿ ಹುಡುಕುವುದನ್ನು ಸುಕುಮಾರ ಕಂಡರು. ಮೆಷಿನ್ ತರಲು ತಮ್ಮ ಕಾರಿನಲ್ಲೇ ಅವಳನ್ನು ಕರೆದುಕೊಂಡು ಹೋದರು. ಬ್ಯಾಗು ಈ ವರ್ಷ ಇಲ್ಲವೆಂದಾಯಿತು. ಹನ್ನೊಂದು ಮಕ್ಕಳಿಗೆ ಕನ್ನಡಕ ಬಂತು, ಬೆಳಿಗ್ಗೆ ಶಾಲೆಯಲ್ಲಿ ಸಜ್ಜಿಗೆಯೋ ಅವಲಕ್ಕಿಯೋ ಉಂಟು, ಸಂಜೆಯ ತರಗತಿಗೆ ಊರಿನ ಇಬ್ಬರು ಕಲಿತ ಹೆಣ್ಣುಮಕ್ಕಳು ಬರುತ್ತಾರೆ.

ಅಕ್ಟೋಬರದ ಮೊದಲ ವಾರ ಮೆಷಿನ್ ಹಾಕಿಕೊಂಡು ದೀಕ್ಷಿತಾ ಶಾಲೆಗೆ ಬಂದಳು. ಗಂಟೆ ಹೊಡೆದಾಗ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಈಗ ಅವಳು ಮೊದಲ ಬೆಂಚಿನಲ್ಲಿ. ನಾನು ಬೋರ್ಡಿಗೆ ತಿರುಗಿ ಬರೆಯತೊಡಗಿದಾಗ ಹಿಂದಿನಿಂದ ಅವಳ ಸ್ವರ ಬಂತು. “ಟೀಚರ್, ಬರೆಯುವಾಗ ಚಾಕ್ ಸ್ವರ ಮಾಡ್ತದಾ?” ನಾನು ಹೌದೆಂದು ಹೇಳಲಿಕ್ಕೂ ತಿರುಗಲಾರದೆ ಬೋರ್ಡಿಗೆ ಮುಖ ಮಾಡಿ ನಿಂತೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಒಳ್ಳೆಯ ಸುದ್ದಿಯ ಕಾಗದ. ನಾನು ಬರೆಯಲು ಕೂತದ್ದು ಇದಕ್ಕಲ್ಲ.

ಕಳೆದ ಗುರುವಾರ ಶಿಶುದಿನದ ಸಭೆ. ಅಪ್ಪ ಅಮ್ಮಂದಿರು ತುಂಬ ಬಂದಿದ್ದರು. ಹಾಡು, ಕುಣಿತ ಮುಗಿದ ಮೇಲೆ ಸುಕುಮಾರ ಮೈಕ್ ಹಿಡಿದು ನನ್ನ ಹೆಸರು ಕರೆದರು. ನನಗೆ ಮೊದಲೇ ಗೊತ್ತಿರಲಿಲ್ಲ, ಇದೊಂದನ್ನು ನಂಬು. ಶಾಲು ಹೊದೆಸಿದರು, ಹಣ್ಣಿನ ತಟ್ಟೆ ಕೊಟ್ಟರು. ಅನ್ನಪೂರ್ಣ ಟೀಚರ ಅನುಭವದ ಕಣ್ಣಿನಿಂದ ಒಂದು ಮಗುವಿನ ಬಾಳು ಬೆಳಗಿತು ಎಂದರು. ಹೆತ್ತ ತಾಯಿಗೂ ಗೊತ್ತಾಗದ್ದು ಟೀಚರಿಗೆ ಗೊತ್ತಾಯಿತು ಎಂದರು. ಎಲ್ಲರೂ ಚಪ್ಪಾಳೆ ಹೊಡೆದರು. ಅಮ್ಮು ಮೂರನೇ ಸಾಲಿನಲ್ಲಿ ಕೂತಿದ್ದಳು. ಅವಳೂ ಹೊಡೆದಳು.

ನಾನು ಮೈಕಿನ ಹತ್ತಿರವೇ ನಿಂತಿದ್ದೆ. ಒಂದು ವಾಕ್ಯ ಸಾಕಿತ್ತು. ಇದೆಲ್ಲ ದೇವರ ದಯೆ, ನಮ್ಮ ಶಾಲೆಯ ಒಗ್ಗಟ್ಟು ಎಂದು ಹೇಳಿ ಕೆಳಗಿಳಿದೆ.

ಜಗಲಿಯಲ್ಲಿ ಮಕ್ಕಳು ಲಾಡು ತೆಗೆದುಕೊಂಡು ಹೋಗುತ್ತಿದ್ದರು. ದೀಕ್ಷಿತಾ ಸಾಲು ಬಿಟ್ಟು ನನ್ನ ಹತ್ತಿರ ಬಂದಳು. ಇಷ್ಟು ವರ್ಷ ಶಾಲೆಯ ಎಷ್ಟೋ ಸಭೆಗಳಲ್ಲಿ ಕೂತವಳು, ಆಡಿದ ಮಾತು ಅವಳ ಕಿವಿಗೆ ಬಿದ್ದದ್ದು ಅವತ್ತೇ ಮೊದಲು. ಅವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕಿತ್ತು, ಅಷ್ಟೆ.

“ಟೀಚರ್, ಅದು ಗೊತ್ತಾದದ್ದು ಚಿತ್ರಾ ಟೀಚರಿಗೆ ಅಲ್ವಾ? ಅವರು ನನ್ನ ಎದುರು ಕೂತುಕೊಂಡೇ ಪಾಠ ಹೇಳ್ತಿದ್ದರು. ಅವರಿಗೆ ಯಾಕೆ ಶಾಲು ಹಾಕಲಿಲ್ಲ?”

ಕ್ಲಾಸಿಗೆ ಹೋಗು ಎಂದೆ. ಅವಳು ಹೋದಳು. ಹೆಗಲ ಮೇಲಿನ ಶಾಲನ್ನು ತೆಗೆಯಲು ಹೋದರೆ ಪಿನ್ನು ರವಕೆಗೆ ಸಿಕ್ಕಿಕೊಂಡಿತ್ತು, ಬಿಡಿಸಲಿಕ್ಕೇ ಆಗಲಿಲ್ಲ. ಕೊನೆಗೆ ಯತಿನ್ ಮಾಷ್ಟ್ರು ಬಂದು ಬಿಡಿಸಿಕೊಟ್ಟರು.

ಶುಕ್ರವಾರ ಹೆಡ್ಮಾಸ್ಟರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರಿಗೆ ಅರ್ಧ ಗೊತ್ತಿತ್ತು. ಸ್ಟಾಫ್ ರೂಮಿನಲ್ಲಿ ನಾನು ನಕ್ಕ ದಿನ ಅವರೂ ಅಲ್ಲಿದ್ದರಲ್ಲ. ಶಾಲೆಗೆ ಒಂದು ಒಳ್ಳೆಯ ಹೆಸರು ಬಂದಿದೆ, ಈಗ ಯಾಕೆ ಕೆದಕುವುದು ಎಂದರು. ಮಂಗಳವಾರ ಪಿಟಿಎ ಸಭೆ ಉಂಟಲ್ಲ, ಅದರಲ್ಲಿ ನನಗೆ ಎರಡು ನಿಮಿಷ ಬೇಕು ಎಂದೆ. ಯೋಚಿಸಿ ಟೀಚರ್ ಎಂದರು.

ಶನಿವಾರ ಅಮ್ಮುವಿನಲ್ಲಿಗೆ ಹೋದೆ. ಇದನ್ನು ಮೊದಲು ಕಂಡುಹಿಡಿದದ್ದು ನನ್ನ ಮಗಳು, ನಾನಲ್ಲ ಎಂದು ಹೇಳಲು ಹೋದದ್ದು. ಅವಳು ಬಟ್ಟೆ ಒಗೆಯುತ್ತಿದ್ದಳು. ಕೈ ಒರೆಸಿಕೊಂಡು, ಅದು ತನಗೆ ಗೊತ್ತುಂಟು ಎಂದಳು. ನೀನು ಬೋಧನಾಭ್ಯಾಸ ಮುಗಿಸಿ ಹೋಗುವ ಹಿಂದಿನ ದಿನ ಅವಳ ಮನೆಗೆ ಹೋಗಿದ್ದೆಯಂತೆ. ಕಿವಿ ಡಾಕ್ಟರ ಹೆಸರು, ಯಾವ ವಾರ ಸಿಗುತ್ತಾರೆ ಎಲ್ಲ ಬರೆದುಕೊಟ್ಟಿದ್ದೆಯಂತೆ. ನೀನು ನನಗೆ ಇದನ್ನು ಯಾಕೆ ಹೇಳಲಿಲ್ಲ ಎಂದು ನಾನು ಕೇಳುವುದಿಲ್ಲ.

“ಆ ಚೀಟಿ ಹಿಡಿದುಕೊಂಡೇ ನಾನು ಎರಡನೇ ಸಲ ನಿಮ್ಮ ಹತ್ತಿರ ಬಂದದ್ದು,” ಎಂದಳು ಅಮ್ಮು. “ಎಂತದ್ದೂ ಇಲ್ಲ, ಸುಮ್ಮನೆ ಆಸ್ಪತ್ರೆಗೆ ಯಾಕೆ ಹಣ ಹಾಕ್ತೀ ಅಂತ ನೀವು ಹೇಳಿದಿರಿ. ಚಿತ್ರಾ ಟೀಚರ್ ಸಣ್ಣ ಪ್ರಾಯದವರು, ನೀವು ದೊಡ್ಡ ಟೀಚರ್. ನಾನು ನಿಮ್ಮನ್ನು ನಂಬಿದೆ.”

ನಾನು ಅವಳ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಚಿತ್ರಾ, ನನಗೆ ಗೊತ್ತಾಗದೆ ಹೋದದ್ದು ಒಂದು. ಗೊತ್ತಾದವರ ಕೈಯನ್ನು ನಾನು ಹಿಡಿದು ನಿಲ್ಲಿಸಿದ್ದು ಇನ್ನೊಂದು. ಮೊದಲಿನದಕ್ಕೆ ನಾನು ನಾಲ್ಕು ತಿಂಗಳಿಂದ ಅಳುತ್ತಿದ್ದೆ. ಎರಡನೆಯದು ಶನಿವಾರದವರೆಗೆ ನನ್ನ ಲೆಕ್ಕದಲ್ಲೇ ಇರಲಿಲ್ಲ.

ಏನು ಮಾಡಲಿ ಹೇಳು ಎಂದು ಅವಳನ್ನೇ ಕೇಳಿದೆ. ಅವಳು ತುಂಬ ಯೋಚಿಸಲಿಲ್ಲ. “ತಾಯಿಗೇ ಗೊತ್ತಾಗಲಿಲ್ಲ ಅಂತ ಅವತ್ತು ಮೈಕಿನಲ್ಲಿ ಹೇಳಿದರಲ್ಲ. ಕಾರ್ಖಾನೆಯಲ್ಲಿಯೂ ಅದೇ ಮಾತು ಆಗಿದೆ. ಅದೊಂದು ಸರಿ ಮಾಡಿ ಟೀಚರೇ. ಬೇರೆ ಎಂತದ್ದೂ ಬೇಡ.”

ನಿನ್ನೆ ಪಿಟಿಎ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಈ ಮಗುವಿನ ತಾಯಿ ಎರಡು ಸಲ ಬಂದು ನನ್ನನ್ನು ಕೇಳಿದ್ದರು, ಎರಡು ಸಲವೂ ನಾನು ತಿರುಗಿಸಿ ಕಳಿಸಿದೆ. ಬೋಧನಾಭ್ಯಾಸಕ್ಕೆ ಬಂದ ನನ್ನ ಮಗಳು ಹೇಳಿದಳು, ಅವಳ ಬಾಯಿ ಮುಚ್ಚಿಸಿದೆ. ಈ ನಿಧಿ ಬಾರದಿದ್ದರೆ, ಯತಿನ್ ಮಾಷ್ಟ್ರು ಹಠ ಹಿಡಿಯದಿದ್ದರೆ ಮಗು ಇವತ್ತಿಗೂ ಕೊನೆಯ ಬೆಂಚಿನಲ್ಲಿ ಇರುತ್ತಿತ್ತು. ಇಷ್ಟೇ. ಬರೆದುಕೊಂಡು ಹೋದದ್ದನ್ನು ಓದದೆ ಬಾಯಿಗೆ ಬಂದ ಹಾಗೆ ಹೇಳಿದೆ. ಶಾಲನ್ನು ಮಡಚಿ ಸುಕುಮಾರರ ಎದುರು ಮೇಜಿನ ಮೇಲಿಟ್ಟೆ.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು, ನನ್ನ ದೊಡ್ಡ ಮಗನೂ ನಿಮ್ಮ ತರಗತಿಯಲ್ಲೇ ಇದ್ದ, ಏನೂ ಬರುವುದಿಲ್ಲ ಎಂದು ಐದನೆಯಲ್ಲಿ ಬಿಟ್ಟ, ಅವನಿಗೆ ಏನಿತ್ತು ಟೀಚರ್ ಎಂದು ಕೇಳಿದರು. ಜಗಳದ ಸ್ವರದಲ್ಲಿ ಅಲ್ಲ. ನನಗೆ ಗೊತ್ತಿಲ್ಲ ಎಂದೆ. ಅದೇ ಸತ್ಯ. ಹೆಡ್ಮಾಸ್ಟರು ಮುಂದಿನ ವಿಷಯಕ್ಕೆ ಹೋದರು. ಅಮ್ಮು ಸಭೆ ಮುಗಿಯುವ ಮೊದಲೇ ಕೆಲಸಕ್ಕೆಂದು ಎದ್ದಳು. ಹೋಗುವಾಗ ನನ್ನ ಬೆಂಚಿನ ಪಕ್ಕ ಒಂದು ಗಳಿಗೆ ನಿಂತು ಹೋದಳು.

ಇಪ್ಪತ್ತೇಳು ವರ್ಷ, ವರ್ಷಕ್ಕೆ ಹದಿನೈದೋ ಇಪ್ಪತ್ತೋ ಮಕ್ಕಳು. ಹಿಂದಿನ ಬೆಂಚಿನಲ್ಲಿ ಕೂರಿಸಿದವರ ಮುಖಗಳು ಒಂದೊಂದಾಗಿ ಬರುತ್ತಿವೆ. ಕೆಲವರ ಹೆಸರು ನೆನಪಿಲ್ಲ. ಹಳೆಯ ಹಾಜರಿ ಪುಸ್ತಕ ತೆಗೆದು ನೋಡುತ್ತೇನೆ ಎಂದು ಹೆಡ್ಮಾಸ್ಟರಿಗೆ ಹೇಳಿದ್ದೇನೆ. ಹುಡುಕಿ ಸಿಕ್ಕಿದವರ ಮನೆಗೆ ಹೋಗುತ್ತೇನೆ. ಹೋಗಿ ಏನು ಹೇಳುವುದೆಂದು ಇನ್ನೂ ಗೊತ್ತಿಲ್ಲ.

ನೀನು ಬಾ ಎಂದು ಕರೆಯಲು ನನಗೆ ಬಾಯಿಲ್ಲ. ದೀಕ್ಷಿತಾ ಕೇಳುತ್ತಾಳೆ, ಅದಕ್ಕೆ ಬರೆದೆ. ಒಂದು ಶನಿವಾರ ಬಂದು ಅವಳ ಹತ್ತಿರ ಮಾತಾಡಿ ಹೋಗು. ಮನೆಗೆ ಬಾರದಿದ್ದರೂ ತೊಂದರೆಯಿಲ್ಲ. ಅಲ್ಲಿ ಚಳಿ ಹೆಚ್ಚಾದರೆ ನೀಲಿ ಹೊದಿಕೆ ಅಪ್ಪನ ಕೈಯಲ್ಲಿ ಕಳಿಸುತ್ತೇನೆ.

ನಿನ್ನ
ಅಮ್ಮ
ಅನ್ನಪೂರ್ಣೇಶ್ವರಿ

ಮರೆತದ್ದಲ್ಲ, ಬರೆಯಲು ಧೈರ್ಯ ಬಾರದೆ ಕೊನೆಗೆ ಇಟ್ಟದ್ದು: ನಿನ್ನ ಬೋಧನಾಭ್ಯಾಸದ ವರದಿಯಲ್ಲಿ “ಹಿರಿಯರ ಮಾತಿಗೆ ಕಿವಿಗೊಡುವ ಅಭ್ಯಾಸವಿಲ್ಲ” ಎಂಬ ಸಾಲು ಇತ್ತಲ್ಲ, ಯಾವುದರಿಂದ ನಿನ್ನ ಗ್ರೇಡು ಇಳಿಯಿತೋ ಅದು. ಅದನ್ನು ಕೇಶವಪ್ರಸಾದ ಮಾಷ್ಟ್ರು ಬರೆದದ್ದಲ್ಲ. ಅವರು ಸಹಿ ಹಾಕಿದ್ದು ಮಾತ್ರ. ಒಕ್ಕಣೆ ನನ್ನದು. ನೀನು ಅವರ ಮೇಲೆ ಸಿಟ್ಟಿನಲ್ಲಿ ಅವರ ಮಗಳ ಮದುವೆಗೆ ಬರಲಿಲ್ಲ. ಚಿತ್ರಾ ಯಾಕೆ ಬರಲಿಲ್ಲ ಎಂದು ಅವರು ಊಟದ ಸಾಲಿನಲ್ಲಿ ನನ್ನನ್ನು ಕೇಳಿದರು. ಜ್ವರ ಎಂದು ಹೇಳಿದೆ.